ವರದಿಯ ಕೊನೆಯ ಪುಟ

14 ಜುಲೈ 2025, ಸೋಮವಾರ
ನವನಗರ, ಬಾಗಲಕೋಟೆ

ಅರ್ಧ ದಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲೇ ಹೋಯಿತು. ಹೊರಗೆ ಆಷಾಢದ ಗಾಳಿ. ಒಳಗೆ ಹಾಳೆ ಹಾರದಂತೆ ಸ್ಟೇಪ್ಲರ್, ಮೊಬೈಲು, ನೀರಿನ ಬಾಟಲಿ, ಕೈಗೆ ಸಿಕ್ಕಿದ್ದನ್ನೆಲ್ಲ ಹೇರಿದ್ದರು. ಜೊತೆಗಿದ್ದವರು ಕಲಾದಗಿ ಕಡೆಯ ಒಬ್ಬ ತಾಯಿ, ಒಂಬತ್ತನೇ ತರಗತಿಯ ಮಗ. ದಾಳಿಂಬೆ ಪೆಟ್ಟಿಗೆಯ ಲೆಕ್ಕ ಬಾಯಲ್ಲೇ ಮಾಡಿ ಹೇಳುವ ಹುಡುಗ ಬರೆಯಲು ಕೂತರೆ ಒತ್ತಕ್ಷರ ಬಿಡುತ್ತಾನೆ, ದೀರ್ಘ ತಪ್ಪಿಸುತ್ತಾನೆ, ಒಂದು ಸಾಲು ಓದಿ ಮುಗಿಸುವುದರೊಳಗೆ ಬೆವರುತ್ತಾನೆ. ಶಾಲೆಯವರದು ಒಂದೇ ಮಾತು: ಟಿ.ಸಿ. ಒಯ್ಯಿರಿ, ಹತ್ತನೇತ್ತೆ ರಿಸಲ್ಟ್ ಕೆಡ್ತೈತಿ.

“ನೀವ ಒಂದ್ ಮಾತು ಹೇಳ್ರಿ ಮೇಡಮ್ಮಾರ. ನಾ ಹೇಳಿದ್ರ ಯಾರ್ ಕೇಳ್ತಾರ್ರಿ?”

“ಹೇಳೂದ ಬ್ಯಾಡ್ರಿ ಅಕ್ಕಾರ, ಬರದು ಕೊಡೂಣು. ಸಹಿ ನಿಮ್ದ ಇರ್ಲಿ. ನಾ ಬಾಜೂಕ ಕುಂದರ್ತೀನಿ.”

ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿ ಒಂದು ಖಾಸಗಿ ಶಾಲೆ ಸೇರಿದಾಗ ನನಗೊಂದು ಕೋಣೆ, ಬೀಗವಿರುವ ಕಪಾಟು, ಅದರೊಳಗೆ ಪರೀಕ್ಷೆಯ ಕಿಟ್ಟು. ಕೆಲಸ ಇಷ್ಟವಿತ್ತು, ಈಗಲೂ ಇಷ್ಟವೇ. ಮಗುವಿನ ಜೊತೆ ಗಂಟೆಗಟ್ಟಲೆ ಕೂತು ಅದು ಎಲ್ಲಿ ಎಡವುತ್ತದೆ ಎಂದು ಹುಡುಕುವುದರಲ್ಲಿ ಒಂದು ಸುಖವಿದೆ. ವರದಿಯ ಕೊನೆಯ ಪುಟದಲ್ಲಿ ಶಿಫಾರಸು ಬರೆಯುತ್ತಿದ್ದೆ: ಹೆಚ್ಚು ಸಮಯ ಕೊಡಿ, ಪ್ರಶ್ನೆ ಓದಿ ಹೇಳಿ, ಲಿಪಿಕಾರರನ್ನು ಕೊಡಿ. ಆಡಳಿತ ಮಂಡಳಿ ಓದುತ್ತಿದ್ದದ್ದು ಮೊದಲ ಪುಟದ ಅಂಕಿ ಮಾತ್ರ. ಮಗುವನ್ನು ಇಟ್ಟುಕೊಳ್ಳಬೇಕೋ, ಸಾಗಹಾಕಬೇಕೋ ಎಂಬುದಷ್ಟೇ ಅವರಿಗೆ ಬೇಕಿತ್ತು. ಶಾಲೆ ಏನು ಮಾಡಬೇಕೆಂದು ಬರೆಯುವವಳಿಗೆ ಸಂಬಳ ಕೊಡುವುದೂ ಅದೇ ಶಾಲೆ. ಈ ಗಂಟು ಒಳಗಿದ್ದುಕೊಂಡು ಬಿಚ್ಚುವಂಥದ್ದಲ್ಲ ಅನ್ನಿಸಿದ ಮೇಲೆ ರಾಜೀನಾಮೆ ಕೊಟ್ಟೆ. ಮನೆಯಲ್ಲಿ ಗದ್ದಲವಾಯಿತು, ಅದು ಬೇರೆ ಕಥೆ.

ಹೊರಗೆ ಬಂದ ಮೇಲೆ ನಾನು ನಿಜವಾಗಿ ಓದಿದ್ದು ಕಾನೂನು. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆಯ ಅಂಗವೈಕಲ್ಯ, ಈ ಹುಡುಗನದಂಥ ಓದು-ಬರಹದ ತೊಡಕಿಗೆ, ಅಂದರೆ ಕಲಿಕಾ ನ್ಯೂನತೆಗೆ, ಅಲ್ಲಿ ಜಾಗವೇ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಅದನ್ನೂ ಸೇರಿಸಿತು. ಅದರ 17ನೇ ಕಲಮಿನಲ್ಲಿ ಹೆಚ್ಚುವರಿ ಸಮಯವಿದೆ, ಲಿಪಿಕಾರರ ಸೌಲಭ್ಯವಿದೆ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಯೂ ಇದೆ. ನನ್ನ ಕೊನೆಯ ಪುಟದಲ್ಲಿ ವಿನಂತಿಯಂತೆ ಕಾಣುತ್ತಿದ್ದದ್ದು ಇಲ್ಲಿ ಸರ್ಕಾರದ ಕರ್ತವ್ಯ.

ತಮ್ಮ ಎಲ್‌ಎಲ್‌ಬಿ ಮಾಡು ಅನ್ನುತ್ತಾನೆ. ಬೇಕಿಲ್ಲ. ಅಂಗವಿಕಲರ ಹಕ್ಕು ನೋಡುವ ರಾಜ್ಯ ಆಯುಕ್ತರಿಗೆ ದೂರು ಕೊಡಲು ವಕೀಲರೇ ಆಗಬೇಕೆಂದಿಲ್ಲ, ತಾಯಿಯೇ ಬರೆಯಬಹುದು. ಹೆಚ್ಚಿನವು ಅಲ್ಲಿಗೆ ಹೋಗುವುದೂ ಇಲ್ಲ. ಸ್ವೀಕೃತಿಯ ಸೀಲು ಬಿದ್ದ ಅರ್ಜಿಯ ಪ್ರತಿ ತೋರಿಸಿದರೆ ಟಿ.ಸಿ. ಮಾತು ಅರ್ಧ ತಣ್ಣಗಾಗುತ್ತದೆ.

ಅಮೆರಿಕದಲ್ಲಿ 1975ರ ಕಾನೂನಿನಿಂದ ಇಂಥ ಪ್ರತಿ ಮಗುವಿಗೂ ಲಿಖಿತ ಯೋಜನೆ ಬಂತು, ಅದನ್ನು ಮಾಡುವ ತಂಡದಲ್ಲಿ ತಂದೆ-ತಾಯಿಯೂ ಸದಸ್ಯರು. ಇವತ್ತು ಈ ತಾಯಿಗೆ ಕುರ್ಚಿ ಸಿಕ್ಕಿದ್ದು ನಾನು ಎದ್ದು ನಿಂತ ಮೇಲೆ. ಗುಮಾಸ್ತರನ್ನು ಬೈದು ಫಲವಿಲ್ಲ, ಅವರ ಮೇಜಿನ ಮೇಲಿನ ರಾಶಿ ನೋಡಿದ್ದೇನೆ. ಇಂಥ ಮಕ್ಕಳಿಗಾಗಿ ಊರೂರು ಸುತ್ತುವ ಬಿಐಇಆರ್‌ಟಿ (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರ ಪಾಡೂ ಅಷ್ಟೇ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕ ಎಂಬ ಅನುಪಾತವನ್ನು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಬೈಕಿನ ಮೇಲೆ ಊರು ಬದಲಿಸುತ್ತಲೇ ಇರುವವರನ್ನು ಆ ಲೆಕ್ಕಕ್ಕೆ ಹೇಗೆ ಹಿಡಿಯುವುದೋ.

ಕೊನೆಗೆ ಅರ್ಜಿ ತೆಗೆದುಕೊಂಡರು. ಎರಡನೇ ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರ್. ತಾಯಿ ಅದನ್ನು ಮಡಚಿ ಬ್ಯಾಗಿನ ಒಳಜಿಪ್ಪಿಗೆ ಸೇರಿಸಿದರು. ಇನ್ನು ಕಲಿಕಾ ನ್ಯೂನತೆಯ ಪ್ರಮಾಣಪತ್ರದ ಓಡಾಟ, ಮೊದಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಬಹಳ ಜನ ಇದಕ್ಕೆ ಹತ್ತನೇ ತರಗತಿಯ ಜನವರಿಯಲ್ಲಿ ಏಳುತ್ತಾರೆ, ಆಗ ಎಲ್ಲರಿಗೂ ಪರದಾಟ. ಇವರು ಒಂದು ವರ್ಷ ಮೊದಲೇ ಬಂದಿದ್ದಾರೆ. ಹುಡುಗನಿಗೆ ಹೊಟ್ಟೆ ತುಂಬ ಉಣಿಸಿ ಕರೆತನ್ನಿ, ಸಣ್ಣ ತರಗತಿಯ ನೋಟುಬುಕ್ಕುಗಳನ್ನೂ ತನ್ನಿ, ತೊಂದರೆ ಇವತ್ತಿನದಲ್ಲ ಎಂಬುದಕ್ಕೆ ಅವೇ ಸಾಕ್ಷಿ ಎಂದೆ.

“ಮೂರನೇತ್ತೆವು ರದ್ದಿಗೆ ಹಾಕೀವ್ರಿ. ಐದನೇತ್ತೆವು ಅದಾವು.”

ಅವನ್ನೇ ತರಲು ಹೇಳಿದ್ದೇನೆ. ಕೆಂಪು ಇಂಕಿನವು ಮೊದಲು.