ಅವಳಿಗಳ ಆಕಾಶ

ಜೂನ್ ಹಿಡಿದರೆ ಮಣಿಪಾಲದಲ್ಲಿ ವಾರಗಟ್ಟಲೆ ಒಂದು ನಕ್ಷತ್ರವೂ ಕಾಣುವುದಿಲ್ಲ. ನನ್ನ ಕೆಲಸ ಅದರಿಂದ ನಿಲ್ಲುವುದಿಲ್ಲ. ನಾನು ನೋಡುವ ನೇರಳಾತೀತ ಬೆಳಕು ಮಳೆ ಬಿಟ್ಟ ದಿನವೂ ನೆಲ ಮುಟ್ಟುವುದಿಲ್ಲ, ವಾತಾವರಣವೇ ಅದನ್ನು ಹೀರಿಬಿಡುತ್ತದೆ. ಹಾಗಾಗಿ 2015ರಲ್ಲಿ ಇಸ್ರೋ ಹಾರಿಸಿದ ಖಗೋಳ ವೀಕ್ಷಣೆಯ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶ ಇಳಿಸಿಕೊಂಡು ಕುಳಿತಿರುತ್ತೇನೆ.

ಹೋದ ಮಳೆಗಾಲ ಕೈಯಲ್ಲಿದ್ದದ್ದು ಸೆಂಟಾರಸ್ ಎ, ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ರೇಡಿಯೊ ಗೆಲಾಕ್ಸಿ, ಅಂದರೆ ರೇಡಿಯೊ ಅಲೆಗಳನ್ನು ಜೋರಾಗಿ ಸೂಸುವ ಗೆಲಾಕ್ಸಿ. ಅದರ ನಡುವಿನ ದೂಳಿನ ಪಟ್ಟಿ ನೇರಳಾತೀತವನ್ನು ನುಂಗುತ್ತದೆ. ನನ್ನ ಕಣ್ಣಿದ್ದದ್ದು ಅದರ ಹೊರಗೆ ಉತ್ತರಕ್ಕೆ ನೂಲಿನಂತೆ ಚಾಚಿದ ಎಳೆಯ ಮೇಲೆ. ಗೆಲಾಕ್ಸಿಯ ನಡುವಿನ ಕಪ್ಪುರಂಧ್ರದ ಬಳಿಯಿಂದ ಚಿಮ್ಮುವ ಕಣಗಳ ಧಾರೆಯ, ಅಂದರೆ ಜೆಟ್‌ನ ದಾರಿಯಲ್ಲಿ ಅಲ್ಲಿ ಅನಿಲವಿದೆ, ಎಳೆಯ ನಕ್ಷತ್ರಗಳ ಗುಚ್ಛಗಳಿವೆ. ಅವುಗಳನ್ನು ಎಣಿಸುವುದೇ ನನ್ನ ಕೆಲಸ.

ಎಣಿಸಿದೆ. ಬಹುಪಾಲು ಗುಚ್ಛಗಳು ಜೋಡಿ ಜೋಡಿಯಾಗಿದ್ದವು! ನಡುವಿನ ಅಂತರ 9 ಪಿಕ್ಸೆಲ್, ಅಂದರೆ ಅಲ್ಲಿ ಸುಮಾರು 220 ಜ್ಯೋತಿರ್ವರ್ಷ. ಜೆಟ್‌ನ ಹೊಡೆತಕ್ಕೆ ಅನಿಲದ ಮೋಡಗಳು ಇಬ್ಭಾಗವಾಗಿರಬೇಕು ಎಂದು ಎರಡು ಪುಟ ಬರೆದೂ ಆಯಿತು. ಪ್ರಬಂಧದ ಶೀರ್ಷಿಕೆಯೂ ಹೊಳೆದಿತ್ತು. ಅದನ್ನು ಇಲ್ಲಿ ಹೇಳುವುದಿಲ್ಲ.

ನನ್ನ ಗೈಡ್ ಮೇಡಂ ಬಂದು ಗೆಲಾಕ್ಸಿಯತ್ತ ನೋಡಲೇ ಇಲ್ಲ. ಚಿತ್ರವನ್ನು ಮೂಲೆಗೆ ಸರಿಸಿ, ಆ ಜೆಟ್ ಮುಟ್ಟಲಾರದ ನಮ್ಮದೇ ಆಕಾಶಗಂಗೆಯ ಒಂದು ನಕ್ಷತ್ರವನ್ನು ದೊಡ್ಡದು ಮಾಡಿದರು. ಅದಕ್ಕೂ ಜೋಡಿ. ಪಕ್ಕದ್ದಕ್ಕೂ ಜೋಡಿ, ಅದೇ 9 ಪಿಕ್ಸೆಲ್, ಅದೇ ದಿಕ್ಕು.

"ಎಂತ ಮಾರಾಯ, ನಿನ್ನ ಆಕಾಶದಲ್ಲಿ ಎಲ್ಲರಿಗೂ ಅವಳಿ ಮಕ್ಕಳೇ?"

ಉಪಗ್ರಹದಲ್ಲಿರುವ ನೇರಳಾತೀತ ದೂರದರ್ಶಕ ಪ್ರತಿ ಸುತ್ತಿನಲ್ಲೂ ಭೂಮಿಯ ನೆರಳಿನ ಕಡೆಗೆ ಬಂದಾಗಷ್ಟೇ ಚಿತ್ರ ತೆಗೆಯುತ್ತದೆ. ತುಂಡು ತುಂಡಾಗಿ ಬಂದದ್ದನ್ನು ನಕ್ಷತ್ರಗಳ ಗುರುತು ಹಿಡಿದು ಒಂದರ ಮೇಲೊಂದು ಕೂರಿಸಬೇಕು. ನಾನು ಒಂದೇ ನಕ್ಷತ್ರದ ಗುರುತು ಹಿಡಿದಿದ್ದೆ. ಎರಡನೆಯ ತುಂಡಿನಲ್ಲಿ ಕ್ಲಿಕ್ ಬಿದ್ದದ್ದು ಅದರ ನೆರೆಯ ನಕ್ಷತ್ರದ ಮೇಲೆ. ಇಡೀ ತುಂಡು 9 ಪಿಕ್ಸೆಲ್ ಸರಿದು ಕೂತು ಎಲ್ಲವೂ ಎರಡೆರಡಾಗಿ ಕಂಡವು. ಮೋಡ ಒಡೆದದ್ದು ಜೆಟ್ ಅಲ್ಲ, ನನ್ನ ಮೌಸ್.

ಈಗ ಕನಿಷ್ಠ ಐದು ನಕ್ಷತ್ರಗಳನ್ನು ಹಿಡಿದು ಕೂರಿಸುತ್ತೇನೆ. ಕೂರಿಸಿದ ಮೇಲೆ ನಾಲ್ಕು ಮೂಲೆಗಳನ್ನು ನೋಡದೆ ಗೆಲಾಕ್ಸಿಯ ಹತ್ತಿರ ಹೋಗುವುದಿಲ್ಲ. ಸರಿಪಡಿಸಿದ ಚಿತ್ರದಲ್ಲಿ ಗುಚ್ಛಗಳ ಎಣಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಒಂದು ಮಾತ್ರ ಈಗಲೂ ಜೋಡಿಯಾಗಿಯೇ ಇದೆ, ಬೇರೆ ದಿಕ್ಕಿನಲ್ಲಿ, ಬೇರೆ ಅಂತರದಲ್ಲಿ. ಮೇಡಂ ಅದನ್ನು ಎರಡು ಸಲ ನೋಡಿ, ಇದನ್ನು ಇಟ್ಟುಕೋ ಎಂದಿದ್ದಾರೆ.