ರಬ್ಬರಿನಡಿ ಉಳಿದ 20.9

"ತಪ್ಪು ಬಂತು ಮೇಡಂ, ಅದಕ್ಕೇ ಅಳಿಸಿದೆ."

ಈ ವಾರ ಮಕ್ಕಳ ವಿಜ್ಞಾನ ಪ್ರದರ್ಶನದ ಮೇಜೊಂದರ ಮುಂದೆ ಕೇಳಿದ ಮಾತಿದು. ದಾರಕ್ಕೆ ಗುಂಡು ಕಟ್ಟಿ ತೂಗಬಿಟ್ಟ ಎರಡು ಲೋಲಕ, ಒಂದು ಸ್ಟಾಪ್‌ವಾಚ್, ಒಂದು ಕೋಷ್ಟಕ. ಚಿಕ್ಕ ಗುಂಡು 20 ಆಂದೋಲನಕ್ಕೆ, ಅಂದರೆ 20 ಸಲ ಹೋಗಿ ಬರಲು, 20.1, 20.0, 20.2 ಸೆಕೆಂಡ್ ತೆಗೆದುಕೊಂಡಿತ್ತು. ದೊಡ್ಡ ಗುಂಡಿನ ಸಾಲಿನಲ್ಲಿ ಮೂರು ಸಲವೂ 20.1. ಆ ಸಾಲಿನ ಕಾಗದ ಮಾತ್ರ ತುಸು ತೆಳ್ಳಗಾಗಿತ್ತು. ವಾರೆ ಮಾಡಿ ನೋಡಿದರೆ ಹಳೆಯ ಪೆನ್ಸಿಲ್ ಗುರುತು ಓದುವಷ್ಟು ಉಳಿದಿತ್ತು: 20.9, 20.8, 21.0.

"ಯಾವುದು ತಪ್ಪು?"

"ಎರಡೂ ಒಂದೇ ಬರಬೇಕಿತ್ತಲ್ವಾ? ಪುಸ್ತಕದಲ್ಲಿ ಹಾಗೇ ಇದೆ."

ಪುಸ್ತಕದಲ್ಲಿ ಇರುವುದು ನಿಜ. ಲೋಲಕದ ಅವಧಿಯನ್ನು, ಅಂದರೆ ಒಂದು ಆಂದೋಲನಕ್ಕೆ ಹಿಡಿಯುವ ಸಮಯವನ್ನು, ಅದರ ಉದ್ದ ನಿರ್ಧರಿಸುತ್ತದೆ, ಗುಂಡಿನ ತೂಕವಲ್ಲ. ಹುಡುಗಿ ಸುಳ್ಳು ಹೇಳುವ ಜಾತಿಯವಳಲ್ಲ. ಅಳಿಸಿದ್ದನ್ನು ಕೇಳಿದ ತಕ್ಷಣ ಒಪ್ಪಿಕೊಂಡಳು. ಪಕ್ಕದಲ್ಲಿದ್ದ ಇನ್ನೊಬ್ಬ ತೀರ್ಪುಗಾರರು "ಹೋಗಲಿ ಬಿಡಿ, ಕೊನೆಗೆ ಉತ್ತರ ಸರಿ ಇದೆಯಲ್ಲ" ಅಂದರು. ಸಿಟ್ಟು ಬಂದದ್ದು ಈ ಮಾತಿಗೆ. ಅವಳಿಗೆ ರಬ್ಬರ್ ಕೊಟ್ಟವರು ಇಂಥವರೇ.

ಆ ಮೂರು ಅಂಕಿಗಳನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ ಒಂದೆರಡು ದಶಮಾಂಶ ಸೆಕೆಂಡ್ ಆಚೀಚೆ ಆಗುವುದು ಸಹಜ. ಒಂದೇ ಆಂದೋಲನ ಅಳೆಯದೆ 20 ಅಳೆದು ಭಾಗಿಸುವುದು ಅದಕ್ಕೇ, ಒತ್ತುವ ತಪ್ಪೂ 20 ಪಾಲಾಗುತ್ತದೆ. ಚಿಕ್ಕ ಗುಂಡಿನ ಅಳತೆಗಳು ಪರಸ್ಪರ 0.2 ಸೆಕೆಂಡಿನೊಳಗೇ ಇವೆ, ದೊಡ್ಡದರವೂ ಅಷ್ಟೇ. ಆದರೆ ಎರಡು ಗುಂಪುಗಳ ನಡುವೆ 0.8 ಸೆಕೆಂಡ್ ಅಂತರ. ಕೈ ನಡುಗಿ ಆದ ತಪ್ಪು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬೀಳುತ್ತದೆ. ಮೂರಕ್ಕೆ ಮೂರೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಅಳತೆಗೆ ಸರಿದಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು.

ತಪ್ಪು ಬಂತು ಅಂದಳಲ್ಲ, ಬಂದದ್ದು ತಪ್ಪಲ್ಲ. ಅವಳ ಊಹೆ ಒಂಟಿಯಾಗಿ ಪರೀಕ್ಷೆಗೆ ಕೂತಿರಲಿಲ್ಲ, ಅಷ್ಟೇ. "ತೂಕದಿಂದ ಅವಧಿ ಬದಲಾಗದು" ಎಂಬುದರ ಜೊತೆಗೆ ಬಾಯಿ ಬಿಟ್ಟು ಹೇಳದ ಇನ್ನೂ ಕೆಲವು ಊಹೆಗಳಿದ್ದವು: ಎರಡೂ ಲೋಲಕಗಳ ಉದ್ದ ಒಂದೇ, ಎರಡನ್ನೂ ಬಿಟ್ಟ ಕೋನ ಒಂದೇ, ಎಣಿಕೆ ಸರಿ. ಅಂಕಿ ಹೊಂದದಿದ್ದಾಗ ಇವುಗಳಲ್ಲಿ ಯಾವುದೋ ಒಂದು ಬಿದ್ದಿದೆ ಎಂದಷ್ಟೇ ತಿಳಿಯುತ್ತದೆ. ಯಾವುದು ಎಂದು ಅಂಕಿ ತಾನಾಗಿ ಹೇಳುವುದಿಲ್ಲ. ಪ್ರಯೋಗ ಶುರುವಾಗಬೇಕಿದ್ದದ್ದು ಅಲ್ಲಿಂದ. ಅವಳು ಅಲ್ಲಿಗೇ ಮುಗಿಸಿದ್ದಳು.

ಮೊದಲ ಶಂಕೆ ಎಣಿಕೆಯ ಮೇಲೆ. ಗುಂಡು ಬಿಡುತ್ತಲೇ "ಒಂದು" ಅನ್ನುವವರು ಬಹಳ. ಬಿಡುವಾಗ ಅದು "ಸೊನ್ನೆ". ಹಾಗೆನ್ನದಿದ್ದರೆ 20 ಎಂದು ಬರೆದದ್ದು 19 ಆಗಿರುತ್ತದೆ. ಗುಂಡು ತುದಿ ಮುಟ್ಟಿದಾಗ ಗಡಿಯಾರ ಒತ್ತುವುದೂ ಕೆಟ್ಟ ಅಭ್ಯಾಸ. ಅಲ್ಲಿ ವೇಗ ಸೊನ್ನೆಗಿಳಿಯುವುದರಿಂದ ಮುಟ್ಟಿದ ಗಳಿಗೆ ಯಾವುದೆಂದು ಕಣ್ಣಿಗೆ ತಿಳಿಯದು. ನಡುವಿನ ತಳಬಿಂದುವಿನ ಹಿಂದೆ ಒಂದು ಗೆರೆ ಎಳೆದು, ಗುಂಡು ಅದನ್ನು ದಾಟುವಾಗ ಒತ್ತಬೇಕು. ಎರಡನೆಯ ಶಂಕೆ ಕೋನದ್ದು. 10 ಡಿಗ್ರಿಯಿಂದ ಬಿಟ್ಟರೆ ಅವಧಿ ಹೆಚ್ಚುವುದು ಶೇ. 0.2ರಷ್ಟು, ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್‌ಗೆ ಕಾಣುವುದೇ ಇಲ್ಲ. 45 ಡಿಗ್ರಿಯಲ್ಲಾದರೆ ಶೇ. 4ರ ಹತ್ತಿರ, ಅಂದರೆ 20 ಆಂದೋಲನಕ್ಕೆ ಸರಿಸುಮಾರು ಇದೇ 0.8 ಸೆಕೆಂಡ್! ಮೂರನೆಯದು ಉದ್ದ. ಅವಳು ಎರಡಕ್ಕೂ 24 ಸೆಂ.ಮೀ. ದಾರ ಕಟ್ಟಿದ್ದಳು, ನಿಷ್ಠೆಯಿಂದ ಅಳೆದು. ಆದರೆ ಲೋಲಕದ ಉದ್ದ ದಾರದ ಉದ್ದವಲ್ಲ. ನೇತುಹಾಕಿದ ಬಿಂದುವಿನಿಂದ ಗುಂಡಿನ ಮಧ್ಯದವರೆಗೆ. ಚಿಕ್ಕ ಗುಂಡಿನ ಅಡ್ಡಳತೆ 2 ಸೆಂ.ಮೀ., ದೊಡ್ಡದರದ್ದು 6. ಹಾಗಾಗಿ ಒಂದರ ಉದ್ದ 25, ಇನ್ನೊಂದರದ್ದು 27.

ಗಾಳಿಯ ತಡೆ ಎಂದು ಸುತ್ತ ನಿಂತ ದೊಡ್ಡವರೆಲ್ಲ ಹೇಳಿದರು. ಎಷ್ಟು ತಡೆ, ಅದರಿಂದ ಎಷ್ಟು ವ್ಯತ್ಯಾಸ ಎಂದು ಒಬ್ಬರೂ ಹೇಳಲಿಲ್ಲ. ಗಾಳಿ ತೂಗಾಟದ ಹರವನ್ನು ಬೇಗ ಕುಗ್ಗಿಸುತ್ತದೆ, ಅವಧಿಯನ್ನು ಮುಟ್ಟುವುದು ತೀರ ಅಲ್ಪ. ಅಂಕಿ ಕೊಡದ ಊಹೆ ಸೋಲುವುದೇ ಇಲ್ಲ, ಅದಕ್ಕೇ ಎಲ್ಲರಿಗೂ ಅದು ಪ್ರೀತಿ.

ಈ ಶಂಕೆಗಳು ಬೇರೆಬೇರೆ ಉತ್ತರ ಕೊಡುವಂಥ ಜಾಗಕ್ಕೆ ಅವನ್ನು ಎಳೆದು ತರಬೇಕು. ಎಣಿಕೆಯಲ್ಲಿ ಒಂದು ಆಚೀಚೆ ಆಗಿದ್ದರೆ 20 ಎಣಿಸಿದರೂ 40 ಎಣಿಸಿದರೂ ಅಂತರ ಒಂದೇ ಸೆಕೆಂಡ್. ಉದ್ದ ಕಾರಣವಾಗಿದ್ದರೆ 40ಕ್ಕೆ ಅಂತರ ದುಪ್ಪಟ್ಟಾಗಿ 1.6 ಆಗಬೇಕು. ಉದ್ದ ಶೇ. 8 ಹೆಚ್ಚಿದೆ, ಅವಧಿ ಅದರ ವರ್ಗಮೂಲದಂತೆ ಏರುತ್ತದೆ, ಅಂದರೆ ಸುಮಾರು ಶೇ. 4, 20.1ರಲ್ಲಿ ಶೇ. 4 ಎಂದರೆ 0.8. ಎರಡನ್ನೂ 10 ಡಿಗ್ರಿಯಿಂದ ಬಿಟ್ಟಾಗ ಅಂತರ ಮಾಯವಾದರೆ ತಪ್ಪಿತಸ್ಥ ಕೋನ. ಇಷ್ಟನ್ನೂ ಅಳೆಯುವ ಮೊದಲೇ, ಪೆನ್ನಿನಲ್ಲಿ, ಬರೆದಿಡಬೇಕು. ಎಣಿಸುವವರು ಒಬ್ಬರು, ಗಡಿಯಾರ ಒತ್ತುವವರು ಇನ್ನೊಬ್ಬರು, ಅಳತೆಗಳೆಲ್ಲ ಮುಗಿಯುವವರೆಗೆ ಎಣಿಸುವವರಿಗೆ ಅಂಕಿ ತೋರಿಸಬಾರದು. ಬೇಕಾದ ಉತ್ತರ ಗೊತ್ತಿರುವ ಬೆರಳು ಅದರ ಕಡೆಗೇ ವಾಲುತ್ತದೆ.

ಅವಳು ಅಲ್ಲೇ ಮಾಡಿದಳು. 10 ಡಿಗ್ರಿ, 40 ಆಂದೋಲನ: ಚಿಕ್ಕದು 40.2, ದೊಡ್ಡದು 41.8. ಕೋನವೂ ಎಣಿಕೆಯೂ ಒಟ್ಟಿಗೇ ಶಂಕೆಯಿಂದ ಹೊರಬಿದ್ದವು. ಆಮೇಲೆ ದೊಡ್ಡ ಗುಂಡಿನ ದಾರವನ್ನು 2 ಸೆಂ.ಮೀ. ಮೋಟು ಮಾಡಿದಳು. 20 ಆಂದೋಲನಕ್ಕೆ 20.1, 20.2, 20.1.

ತಪ್ಪು ಬಂತು, ಅದಕ್ಕೇ ಅಳಿಸಿದೆ. 1672ರಲ್ಲಿ ಫ್ರೆಂಚ್ ಖಗೋಳಜ್ಞ ಜಾನ್ ರಿಷೆ ಹೀಗೆ ಅಂದುಕೊಳ್ಳಲಿಲ್ಲ. ಸಮಭಾಜಕದ ಹತ್ತಿರದ ಕೇಯೆನ್‌ಗೆ ಪ್ಯಾರಿಸ್ಸಿನಿಂದ ಒಯ್ದ ಲೋಲಕದ ಗಡಿಯಾರ ದಿನಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಹಿಂದೆ ಬೀಳತೊಡಗಿತು. ಸರಿಪಡಿಸಲು ಲೋಲಕವನ್ನು 3 ಮಿ.ಮೀ.ಗಿಂತ ಚೂರು ಕಡಿಮೆ ಮೊಟಕು ಮಾಡಬೇಕಾಯಿತು. ಬಿಸಿಲಿಗೆ ಸರಳು ಹಿಗ್ಗಿರಬೇಕು ಎಂಬುದು ಆಗಲೂ ಕೈಗೆ ಸಿದ್ಧವಾಗಿದ್ದ ವಿವರಣೆ, ನಮ್ಮ ಗಾಳಿಯ ತಡೆಯ ಹಾಗೆ. ನ್ಯೂಟನ್ ಶಾಖದ ಹಿಗ್ಗನ್ನು ಲೆಕ್ಕಕ್ಕೆ ಹಿಡಿದು, ಅಷ್ಟು ಅಂತರಕ್ಕೆ ಅದು ಸಾಲದು ಎಂದು ಕಂಡ. ಸಮಭಾಜಕದಲ್ಲಿ ಗುರುತ್ವವೇ ಕಡಿಮೆ, ಅದಕ್ಕೇ ಲೋಲಕ ನಿಧಾನ, ಭೂಮಿ ಅಲ್ಲಿ ಉಬ್ಬಿದೆ ಎಂಬ ವಾದಕ್ಕೆ ಆ ಹಟಮಾರಿ ಗಡಿಯಾರ ಸಾಕ್ಷಿಯಾಯಿತು. ನಿಖರ ಗಡಿಯಾರ ಒಯ್ದಿದ್ದವನು "ಪ್ಯಾರಿಸ್ಸಿನ ಉದ್ದವೇ ಬರಬೇಕಿತ್ತಲ್ಲ" ಎಂದು ಬರೆದು ಸುಮ್ಮನಾಗಬಹುದಿತ್ತು.

ತೂಕದಿಂದ ಅವಧಿ ಬದಲಾಗುತ್ತದೆಯೇ ಎಂಬ ಹುಡುಗಿಯ ಮೊದಲ ಪ್ರಶ್ನೆಗೆ ಮಾತ್ರ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಗುಂಡು ಬದಲಿಸಿದಾಗ ತೂಕ, ಗಾತ್ರ ಎರಡೂ ಒಟ್ಟಿಗೆ ಬದಲಾಗಿದ್ದವು. ತೂಕವನ್ನೇ ಪರೀಕ್ಷಿಸಬೇಕಾದರೆ ಒಂದೇ ಗಾತ್ರದ, ಬೇರೆ ಬೇರೆ ವಸ್ತುವಿನ ಎರಡು ಗಟ್ಟಿ ಗುಂಡುಗಳು ಬೇಕು. ಇದನ್ನು ಹೇಳಿದಾಗ ಅವಳು ತಲೆಯಾಡಿಸಿದಳು, ಆದರೆ ಕಣ್ಣು ಕೋಷ್ಟಕದ ಮೇಲೇ ಇತ್ತು.

"ಉದ್ದ ಸರಿ ಮಾಡಿದ ಮೇಲೂ 20.2 ಯಾಕೆ ಬಂತು? ಅದು ಕೈಯ ತಪ್ಪಾ?"

ಒಂದು ಅಳತೆಯಿಂದ ಹೇಳಲಾಗದು. ಆದರೆ ಗುಂಡಿಗೆ ಗಾತ್ರ ಇರುವುದರಿಂದ ಅದು ಬಿಂದುವಿನಂತೆ ತೂಗುವುದಿಲ್ಲ, ತೂಗುತ್ತ ತಾನೂ ತುಸು ತಿರುಗುತ್ತದೆ. 6 ಸೆಂ.ಮೀ. ಗುಂಡಿಗೆ ಈ ಉದ್ದದಲ್ಲಿ ಅದು ಅವಧಿಯನ್ನು ಶೇ. 0.3ರಷ್ಟು ಹೆಚ್ಚಿಸಬೇಕು. 20 ಆಂದೋಲನಕ್ಕೆ ಅದು 0.06 ಸೆಕೆಂಡ್, ಬೆರಳಿನ ತಪ್ಪಿನಲ್ಲಿ ಮುಳುಗಿಹೋಗುತ್ತದೆ. 100ಕ್ಕೆ ಎರಡು ಗುಂಡುಗಳ ನಡುವೆ ಕಾಲು ಸೆಕೆಂಡ್ ಅಂತರ. ಹಲವು ಸಲ ಅಳೆದು ಸರಾಸರಿ ತೆಗೆದರೆ ಕಾಣಬಹುದು.

ಅವಳು ಕೋಷ್ಟಕಕ್ಕೆ ಇನ್ನೊಂದು ಕಂಬಸಾಲು ಎಳೆದಳು. ತಲೆಯಲ್ಲಿ 100 ಎಂದು ಬರೆದು, ಪಕ್ಕದಲ್ಲಿ 0.25 ಎಂದು ಪೆನ್ನಿನಲ್ಲಿ ಗುರುತು ಹಾಕಿಕೊಂಡಳು.

"ಸೊನ್ನೆ," ಅಂದಳು, ಗುಂಡು ಗೆರೆ ದಾಟುವಾಗ.