ಬೋರಣ್ಣನ ಮೂಗು

ಕಾಲೇಜಿನ ಇತಿಹಾಸ ಬರೆದುಕೊಡಿ ಅಂತ ಮ್ಯಾಗಜೀನ್‌ನಿಂದ ಫೋನ್ ಬಂದಾಗ ನಾನು ಮೊದಲು ಕೇಳಿದ್ದು, ‘ಬೋರಣ್ಣ ಇನ್ನೂ ಇದ್ದಾನಾ?’ ಅಂತ. ಆ ಕಡೆಯ ಹುಡುಗಿಗೆ ಗೊತ್ತಾಗಲಿಲ್ಲ. ಯಾರೋ ಹಳೇ ಜವಾನ ಅಂದುಕೊಂಡಿರಬೇಕು.

ಬೋರಣ್ಣ ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಒಂದು ತಲೆ. ಯಾವನೋ ಗ್ರೀಕ್ ದೇವರು, ಗುಂಗುರು ಕೂದಲು, ಕಣ್ಣಲ್ಲಿ ಗುಡ್ಡೆ ಇಲ್ಲ. 1993ರಲ್ಲಿ ನಾನು ಸೇರಿದಾಗ ನಮ್ಮ ಕಲಾಶಾಲೆ ಹಾಸನದ ಪೆನ್ಷನ್ ಮೊಹಲ್ಲಾದ ಒಂದು ಹೆಂಚಿನ ಬಾಡಿಗೆ ಮನೆಯಲ್ಲಿತ್ತು. ನಡುಮನೆಯೇ ಕ್ಲಾಸು, ಅಡುಗೆಮನೆಯಲ್ಲಿ ಬ್ರಷ್ ತೊಳೆಯುವುದು. ಮೊದಲ ವರ್ಷ ಪೂರ್ತಿ ಬೋರಣ್ಣನನ್ನೇ ಬರೆದೆವು. ಎಡಗಡೆಯಿಂದ, ಬಲಗಡೆಯಿಂದ, ಕಿಟಕಿಯ ಬೆಳಕಲ್ಲಿ, ಕರೆಂಟ್ ಹೋದರೆ ಮೇಣದಬತ್ತಿ ಬೆಳಕಲ್ಲಿ. ಹಾಸನದವರು ಗ್ರೀಕರ ತಲೆ ಯಾಕೆ ಬರೀಬೇಕು ಸಾರ್ ಅಂತ ಒಬ್ಬ ಕೇಳಿಯೇ ಬಿಟ್ಟ.

ಅವತ್ತು ಮೇಷ್ಟ್ರು ಹೇಳಿದ್ದೇ ನನ್ನ ಲೆಕ್ಕದಲ್ಲಿ ನಮ್ಮ ಕಾಲೇಜಿನ ಇತಿಹಾಸ. 1850ರಲ್ಲಿ ಮದ್ರಾಸಿನಲ್ಲಿ, 1854ರಲ್ಲಿ ಕಲ್ಕತ್ತೆಯಲ್ಲಿ, 1857ರಲ್ಲಿ ಬೊಂಬಾಯಿಯಲ್ಲಿ ಜೆ.ಜೆ. ಅಂತ ಕಲಾಶಾಲೆಗಳು ಶುರುವಾದವು. ಪಾಠದ ಕ್ರಮ ಮಾತ್ರ ಲಂಡನ್ನಿನದು. ಮೊದಲು ಗೆರೆ, ಆಮೇಲೆ ಜ್ಯಾಮಿತಿ, ಆಮೇಲೆ ಪ್ಲಾಸ್ಟರ್ ಬೊಂಬೆ ನೋಡಿ ಬರೆಯುವುದು. ಕಲ್ಕತ್ತೆಯಲ್ಲಿ ಹ್ಯಾವೆಲ್ ಅನ್ನುವ ಪ್ರಿನ್ಸಿಪಾಲರು ಇದನ್ನೆಲ್ಲ ಪಕ್ಕಕ್ಕೆ ಸರಿಸಿ ಮೊಘಲರ ಕಾಲದ ಚಿತ್ರಗಳನ್ನು ತರಿಸಿದರೆ ಅಲ್ಲಿನ ಹುಡುಗರೇ ಗಲಾಟೆ ಮಾಡಿದರಂತೆ, ನಮಗೆ ವಿಲಾಯಿತಿ ಪಾಠವೇ ಬೇಕು ಅಂತ! ಮುಂದೆ ನಮ್ಮ ಮೈಸೂರಿನ ವೆಂಕಟಪ್ಪನವರು ಅದೇ ಶಾಲೆಗೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಶಾಲೆಗೆ ಅಡಿಗಲ್ಲು ಬಿದ್ದದ್ದು 1906ರಲ್ಲಿ. ಈಗ ನಾವು ಕಾವಾ ಅನ್ನುತ್ತೇವಲ್ಲ, ಮೈಸೂರಿನ ಕಲಾ ಕಾಲೇಜು, ಅದರ ಬೇರು ಅಲ್ಲಿದೆ. ನಮ್ಮ ಮೇಷ್ಟ್ರು ಮೈಸೂರಿನಲ್ಲೇ ಕಲಿತವರು. ಬೋರಣ್ಣನೂ ಅವರ ಟ್ರಂಕಿನಲ್ಲೇ ಹಾಸನಕ್ಕೆ ಬಂದವನು.

‘ಅವನನ್ನು ಬಯ್ಯಬೇಡ್ರಪ್ಪ. ಅಲ್ಲಾಡದೆ ಕೂರ್ತಾನೆ, ಕಾಫಿ ಕೇಳಲ್ಲ’ ಅಂದರು. ಅಂದವರು ಮುಂದಿನ ಭಾನುವಾರ ನಮ್ಮನ್ನೆಲ್ಲ ಹಳೇಬೀಡಿನ ಬಸ್ಸು ಹತ್ತಿಸಿದರು.

ಬುತ್ತಿಯಲ್ಲಿ ಅಕ್ಕಿರೊಟ್ಟಿ, ತೊಡೆಯ ಮೇಲೆ ಡ್ರಾಯಿಂಗ್ ಬೋರ್ಡು. ಗೋಡೆಯ ತಳದಲ್ಲಿ ಆನೆಗಳ ಸಾಲು ಇದೆಯಲ್ಲ, ಅದರಲ್ಲಿ ಒಬ್ಬೊಬ್ಬರಿಗೆ ಐದೈದು ಆನೆ ಹಂಚಿದರು. ಎಲ್ಲ ಒಂದೇ ಥರ ಅಂದುಕೊಂಡು ಒಂದನ್ನೇ ಐದು ಸಲ ಬರೆದುಕೊಟ್ಟ ನನಗೆ ಸರಿಯಾಗಿ ಬೈಗುಳ ಬಿತ್ತು. ಸೊಂಡಿಲು ನೋಡೋ, ಕಾಲು ನೋಡೋ! ನಿಜ, ಯಾವುದೂ ಒಂದೇ ಥರ ಇರಲಿಲ್ಲ. ಇನ್ನೊಂದು ಭಾನುವಾರ ಬೇಲೂರಿನಲ್ಲಿ, ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡವರಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ ಅಂತ ತೋರಿಸಿದರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಅಂತ ಗೊತ್ತಾದದ್ದೂ ಅಲ್ಲೇ. ಮೂಗು ಒಡೆದ ವಿಗ್ರಹಕ್ಕೆ ನಾನು ಪೆನ್ಸಿಲ್‌ನಲ್ಲಿ ಚೆಂದದ ಮೂಗು ಇಟ್ಟಿದ್ದೆ. ಮೇಷ್ಟ್ರು ರಬ್ಬರ್ ತೆಗೆದುಕೊಂಡು ಅಳಿಸಿಬಿಟ್ಟರು. ಇದ್ದ ಹಾಗೆ ಬರಿ, ರಿಪೇರಿ ನಿನ್ನ ಕೆಲಸ ಅಲ್ಲ.

ಫೀಸಿನ ಕಥೆ ಬೇರೆ. ನಮ್ಮಲ್ಲಿ ಜಾಸ್ತಿ ಜನ ಅಂಗಡಿ ಬೋರ್ಡು ಬರೆದು ಫೀಸು ಕಟ್ಟಿದವರು. ಕಟ್ಟಿನಕೆರೆ ಮಾರ್ಕೆಟ್ಟಿನ ಸುತ್ತ ನಮ್ಮ ಅಕ್ಷರ ಸುಮಾರಿದ್ದವು. ಫ್ಲೆಕ್ಸ್ ಬಂತು, ಆ ಬೋರ್ಡು ಬರೆಯುವ ಕೆಲಸವೂ ಹೋಯಿತು.

ಶಾಲೆ ಎರಡನೇ ಬಾಡಿಗೆ ಮನೆಗೆ ಹೋದಾಗ ತಳ್ಳುಗಾಡಿಯಲ್ಲಿ ಬೋರಣ್ಣನನ್ನು ಹಿಡಿದುಕೊಂಡು ಕೂತವನು ನಾನು. ಸಾಲಗಾಮೆ ರಸ್ತೆಯ ಒಂದು ಗುಂಡಿಯಲ್ಲಿ ಅವನ ಮೂಗು ಹೋಯಿತು. ಮೇಷ್ಟ್ರು ಬಯ್ಯುತ್ತಾರೆ ಅಂತ ರಾತ್ರಿ ಕದ್ದು ಪ್ಲಾಸ್ಟರ್ ಕಲಸಿ ಹೊಸ ಮೂಗು ಅಂಟಿಸಿದೆ. ಸ್ವಲ್ಪ ದಪ್ಪವಾಯಿತು, ಬಲಕ್ಕೆ ವಾಲಿತು. ಬೆಳಿಗ್ಗೆ ಮೇಷ್ಟ್ರು ಬಂದರು, ಅವನನ್ನು ನೋಡಿದರು, ನನ್ನ ಮೂಗು ನೋಡಿದರು, ಏನೂ ಹೇಳದೆ ಹಾಜರಿ ಕೂಗಿದರು.

ಈಗ ಅವನು ಹೊಸ ಕಟ್ಟಡದ ಗಾಜಿನ ಬೀರುವಿನಲ್ಲಿ ಇದ್ದಾನಂತೆ, ಆ ಹುಡುಗಿಯೇ ಹುಡುಕಿ ಫೋನ್ ಮಾಡಿ ಹೇಳಿದಳು. ಮ್ಯಾಗಜೀನ್‌ಗೆ ಫೋಟೊ ತೆಗೆಯುವುದಾದರೆ ಎಡಗಡೆಯಿಂದ ತೆಗೆಯಮ್ಮ ಅಂದಿದ್ದೇನೆ.